ಹಿಂದೆಯೂ ಬಿಸಿಲಿತ್ತು, ಸರಿ. ಹಳೇ ಮಳೆ ಪುಸ್ತಕ ತೆಗೆಯಿರಿ, ನೋಡೋಣ

ಚಿಕ್ಕಮಗಳೂರಿನಲ್ಲಿ ಫ್ಯಾನ್ ಇಲ್ಲದೆ ಮಲಗೋಕೆ ಆಗುತ್ತಿಲ್ಲ ಅಂತ ಯಾರಾದರೂ ಮಾತು ತೆಗೆದರೆ ಸಾಕು, ಪಕ್ಕದಲ್ಲಿ ಒಬ್ಬರು ರೆಡಿ ಇರುತ್ತಾರೆ. "ಬೇಸಿಗೆ ಅಂದಮೇಲೆ ಬಿಸಿಲು ಇರಲ್ವಾ? ಹಿಂದೆಯೂ ಇತ್ತು." ಅಲ್ಲಿಗೆ ಮಾತು ಮುಗಿಯಿತು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಾ ಕಡೆ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಹಿಂದೆ ಇತ್ತು ಅನ್ನೋದು ಸುಳ್ಳಲ್ಲ. ಆದರೆ ಹಿಂದೆ ಎಷ್ಟಿತ್ತು, ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು, ಬಂದಾಗ ಏನಾಗುತ್ತಿತ್ತು ಅಂತ ಕೇಳಿದರೆ ಹಾಗೆ ಹೇಳುವವರ ಹತ್ತಿರ ಉತ್ತರ ಇರುವುದಿಲ್ಲ.

ಸರಿ, ಹಿಂದಿನದ್ದನ್ನೇ ತೆಗೆದುಕೊಳ್ಳೋಣ. 1876ರಿಂದ 1878ರವರೆಗೆ ಮೈಸೂರು ಸೀಮೆಗೆ ಬಿದ್ದ ಬರ ಇದೆಯಲ್ಲ, ಧಾತು, ಈಶ್ವರ ಸಂವತ್ಸರಗಳ ಬರ, ಅದರಲ್ಲಿ ಲಕ್ಷಾಂತರ ಜನ ಸತ್ತರು. ಮಳೆ ಕೈಕೊಟ್ಟಿತು, ಪೆಸಿಫಿಕ್ ಸಾಗರದಲ್ಲಿ ಭಾರೀ ಎಲ್ ನಿನೋ (ಅಲ್ಲಿನ ನೀರು ಮಾಮೂಲಿಗಿಂತ ಬಿಸಿಯಾಗುವುದು, ಅದು ನಮ್ಮ ಮಳೆ ಕೆಡಿಸಬಹುದು) ಇತ್ತು, ಅದರ ಮೇಲೆ ಬ್ರಿಟಿಷರ ಆಡಳಿತ. 1924ರ ಜುಲೈನಲ್ಲಿ ಕಾವೇರಿ ಉಕ್ಕಿ ಹರಿಯಿತು, ಕೇರಳ ಅರ್ಧ ಮುಳುಗಿದ ಹಾಗಾಯಿತು. 1931ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 38.9 ಡಿಗ್ರಿ ದಾಖಲಾಗಿದೆ. ಇವೆಲ್ಲ ಆಗಿದ್ದು ನಿಜ, ಯಾರೂ ಇಲ್ಲ ಅನ್ನುತ್ತಿಲ್ಲ.

ಆದರೆ ಮುಂದಕ್ಕೂ ಓದಬೇಕಲ್ವಾ? ಅದೇ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಆಯಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38.5. ದೇಶದ ಲೆಕ್ಕ ತೆಗೆದರೆ 1901ರಿಂದ ಈಚೆಗೆ ಅತಿ ಬಿಸಿಯಾದ ವರ್ಷ 2024. ಭೂಮಿಯ ಲೆಕ್ಕ ತೆಗೆದರೂ ಅದೇ 2024, ಕಾರ್ಖಾನೆಗಳು ಶುರುವಾಗುವ ಮುಂಚಿನ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಜಾಸ್ತಿ. ಇನ್ನೊಂದು ವಿಷಯ ಗಮನಿಸಿ. 2024ರ ಕೊನೆಯವರೆಗಿನ ದಾಖಲೆಯಲ್ಲಿ ಅತಿ ಬಿಸಿಯಾದ ಹತ್ತು ವರ್ಷ ಯಾವುವು ಅಂದರೆ 2015ರಿಂದ 2024ರವರೆಗಿನ ಹತ್ತೂ ವರ್ಷ. ಮಧ್ಯದಲ್ಲಿ ಒಂದು ವರ್ಷವೂ ಬಿಟ್ಟುಹೋಗಿಲ್ಲ. ಹಿಂದೆ ಒಂದು ಸೀಮೆಗೆ ಒಂದು ಕೆಟ್ಟ ವರ್ಷ ಬರುತ್ತಿತ್ತು, ಹೋಗುತ್ತಿತ್ತು. ಈಗ ಇಡೀ ಭೂಮಿಗೆ ಬರುತ್ತಿದೆ, ಸಾಲಾಗಿ ಬರುತ್ತಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಿದ್ದೇ ಇದಕ್ಕೆ ಮುಖ್ಯ ಕಾರಣ. ಬರೀ ಎಲ್ ನಿನೋ ಮೇಲೆ ತಪ್ಪು ಹೊರಿಸಿ ಕೂರೋಕೆ ಆಗಲ್ಲ.

ಹಾಗಂತ ಕಂಡ ಕಂಡ ನಂಬರ್ ನಂಬಿ ಅಂತ ನಾನು ಹೇಳುತ್ತಿಲ್ಲ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ 43 ತೋರಿಸಿತು ಅಂತ ಫೋಟೋ ಹಾಕುತ್ತಾರೆ. ಬಿಸಿಲಲ್ಲಿ ನಿಂತ ಕಾರು, ಕೆಳಗೆ ಟಾರು, ಅದು ಗಾಳಿಯ ಉಷ್ಣಾಂಶ ಅಲ್ಲ. ಹವಾಮಾನ ಇಲಾಖೆಯವರು ಅಳೆಯುವುದು ಹುಲ್ಲಿನ ಮೇಲೆ, ನೆರಳಿನಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ. ದಾಖಲೆಗಳನ್ನು ಆಮೇಲೂ ಪರೀಕ್ಷೆ ಮಾಡುತ್ತಾರೆ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರಲ್ಲಿ 58 ಡಿಗ್ರಿ ಅಂತ ಬರೆದಿದ್ದನ್ನು 90 ವರ್ಷ ಆದಮೇಲೆ, 2012ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ತೆಗೆದುಹಾಕಿತು. ಅನುಭವ ಇಲ್ಲದವರು ಥರ್ಮಾಮೀಟರ್ ತಪ್ಪಾಗಿ ಓದಿರಬೇಕು ಅಂತ ಗೊತ್ತಾಯಿತು. 2024ರ ಮೇನಲ್ಲಿ ದಿಲ್ಲಿಯ ಮುಂಗೇಶ್‌ಪುರದಲ್ಲಿ 52.9 ಅಂತ ಬಂದಾಗ ಟಿವಿಯವರು ಕುಣಿದಾಡಿದರು. ಪರೀಕ್ಷೆ ಮಾಡಿದಾಗ ಸೆನ್ಸರ್ 3 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಹಾಗಾಗಿ ದೇಶದ ದಾಖಲೆ ಇವತ್ತಿಗೂ ರಾಜಸ್ಥಾನದ ಫಲೋಡಿಯದ್ದೇ, 2016ರ ಮೇ 19, 51 ಡಿಗ್ರಿ. ಭೂಮಿ ಬಿಸಿಯಾಗುತ್ತಿದೆ ಅಂತ ಮೇಲೆ ಹೇಳಿದ್ದು ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ಲೆಕ್ಕ. ಅದಕ್ಕೇ ನನಗೆ ಭಯ.

ನಮ್ಮ ಕಡೆಯವರು ಇನ್ನೊಂದು ಮಾತು ಹೇಳುತ್ತಾರೆ. "ರಾಯಚೂರು, ಕಲಬುರಗಿ ನೋಡಿ, ನಮ್ಮದೇನು ಬಿಸಿಲು?" ಅಲ್ಲಿನ ಜನರ ಕಷ್ಟ ದೊಡ್ಡದು, ಒಪ್ಪುತ್ತೇನೆ. ಆದರೆ ಬಿಸಿಗಾಳಿ ಅಂತ ಕರೆಯಲು ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿ ಇಟ್ಟಿದ್ದರೆ ಗುಡ್ಡಗಾಡಿಗೆ ಇಟ್ಟಿರುವುದು 30. ಅದರ ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ಯಾಕೆ ಬೇರೆ ಬೇರೆ? ಒಂದೊಂದು ಜಾಗದ ಮೈ, ಮನೆ, ಗಿಡ, ದನ ಒಂದೊಂದು ಹವಾಗುಣಕ್ಕೆ ಒಗ್ಗಿರುತ್ತವೆ. ಹಾಸನವನ್ನು ಬಡವರ ಊಟಿ ಅಂತ ಕರೆಯುತ್ತಿದ್ದ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಸೀಲಿಂಗ್ ಫ್ಯಾನಿಗೆ ಕೊಕ್ಕೆಯನ್ನೇ ಬಿಟ್ಟಿಲ್ಲ.

ಈಗ ಗಿಡದ ವಿಷಯಕ್ಕೆ ಬರುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಕಾಫಿಗೆ ಹೂ ಮಳೆ ಬೇಕು. ರೊಬಸ್ಟಾ ಜಾತಿಯ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತದೆ. ಒಂದು ಇಂಚು ಮಳೆ ಸರಿಯಾಗಿ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗಾಗುತ್ತದೆ, ಊರಿಗೆ ಊರೇ ಘಮ್ ಅನ್ನುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲವಾದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಮಳೆ ಇಪ್ಪತ್ತು ಮೂವತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು) ಹನಿಸಿ, ಮಾರನೇ ದಿನದಿಂದ ಬಿಸಿಲು ಕಾಯಿಸಿದರೆ ಏನಾಗುತ್ತದೆ ಗೊತ್ತಾ? ಮೊಗ್ಗು ಅರಳುವುದಿಲ್ಲ. ತುದಿಯಿಂದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹಾಗೇ ಕರಟುತ್ತದೆ. ಬೆರಳಲ್ಲಿ ಹಿಡಿದರೆ ಪುಡಿ. ಇನ್ನೊಂದು ಜಾತಿ ಅರೇಬಿಕಾದಲ್ಲಿ ಬೇರೆ ಥರ, ಬಿಸಿಲು ಜಾಸ್ತಿಯಾದರೆ ಹೂವು ಪೂರ್ತಿ ಬಿಚ್ಚದೆ ಸಣ್ಣ ಹಸಿರು ನಕ್ಷತ್ರದ ಹಾಗೆ ಗಟ್ಟಿಯಾಗಿ ನಿಂತುಬಿಡುತ್ತದೆ, ಅದರಲ್ಲಿ ಕಾಯಿ ಕಚ್ಚುವುದಿಲ್ಲ. ನೆರಳು ಕಮ್ಮಿ ಇದ್ದರೆ ಕಾಂಡಕೊರಕ ಹುಳದ ಕಾಟ ಬೇರೆ. ಕೆರೆ, ಮೋಟಾರು, ಸ್ಪ್ರಿಂಕ್ಲರ್ ಇರುವವರು ಹೇಗೋ ಹೂ ಬಿಡಿಸಿಕೊಳ್ಳುತ್ತಾರೆ. ಎರಡು ಮೂರು ಎಕರೆಯವರು ಆಕಾಶ ನೋಡುತ್ತಾ ಕೂರಬೇಕು. ಕಾಫಿ ರೇಟು ಮೇಲಿದೆ ಅಂತ ಎಲ್ಲರೂ ಹೇಳುತ್ತಾರೆ, ಗಿಡದಲ್ಲಿ ಕಾಯಿ ಇಲ್ಲದವರಿಗೆ ಆ ರೇಟು ಯಾಕೆ?

ಬಿಸಿಲಿಗೂ ಆಗಸ್ಟ್ ಮಳೆಗೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅದು ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಎಲ್ಲಾ ಹೋಯಿತು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಬೇಕಾಯಿತು. ಮರುವರ್ಷ ಜುಲೈಗೆ ಶಿರಾಡಿ ಘಾಟಿಯಲ್ಲಿ ಮತ್ತೆ ಮಣ್ಣು ರಸ್ತೆಗೆ ಬಂತು, ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು. ಇದಕ್ಕೆಲ್ಲ ಹವಾಮಾನ ಒಂದೇ ಕಾರಣ ಅಲ್ಲ. ಗುಡ್ಡ ಕಡಿದವರು, ರಸ್ತೆ ಅಗಲ ಮಾಡಿದವರು, ಹೋಂಸ್ಟೇ ಕಟ್ಟಲು ಇಳಿಜಾರು ಕೊರೆದವರು, ಹಲಸು, ನೇರಳೆ, ಅತ್ತಿ ಇದ್ದ ಕಡೆ ಬರೀ ಸಿಲ್ವರ್ ಓಕ್ ನೆಟ್ಟವರು, ಎಲ್ಲರದ್ದೂ ಪಾಲಿದೆ. ಆದರೆ ಮೇಲಿಂದ ಬೀಳುವ ಪೆಟ್ಟು ಜೋರಾದಾಗ ಕೆಳಗೆ ನಾವು ಗಟ್ಟಿ ಇರಬೇಕಿತ್ತು, ನಾವು ಮಾಡಿದ್ದು ಉಲ್ಟಾ.

ನಮ್ಮ ಮನೆಯಲ್ಲಿ ಅಜ್ಜ ಬರೆಯುತ್ತಿದ್ದ ಮಳೆ ಪುಸ್ತಕ ಇದೆ. ತೋಟದ ಮನೆಗಳಲ್ಲಿ ಇದು ಸಾಮಾನ್ಯ. ಬೆಳಿಗ್ಗೆ ಅಂಗಳದ ಮಾಪಕದಿಂದ ನೀರು ತೆಗೆದು ಗಾಜಿನ ಅಳತೆಗೆ ಸುರಿದು, ಇಂಚು, ಸೆಂಟು ಬರೆಯುವುದು. ತಾರೀಖು, ಮಳೆ ನಕ್ಷತ್ರ, ಅಳತೆ, ಕೊನೆಗೆ ಷರಾ. ಅಶ್ವಿನಿ, ಭರಣಿಯಿಂದ ಶುರುವಾಗಿ ಸ್ವಾತಿವರೆಗೆ ಸಾಲು ಸಾಲು. ಷರಾದಲ್ಲಿ "ಹೂ ಒಳ್ಳೆಯದು", "ಆಲಿಕಲ್ಲು", "ಹಳ್ಳ ದಾಟಲು ಆಗಲಿಲ್ಲ" ಅಂತ ನೇರಳೆ ಬಣ್ಣದ ಪೆನ್ಸಿಲ್ಲಿನಲ್ಲಿ ಇದೆ. ಪೂರ್ತಿ ಹುಡುಕಿದೆ. ಗಾಳಿ ಬಗ್ಗೆ ಇದೆ, ಇಬ್ಬನಿ ಬಗ್ಗೆ ಇದೆ, ಚಳಿ ಬಗ್ಗೆ ಬೇಕಾದಷ್ಟಿದೆ. ಸೆಕೆ ಅಂತ ಒಂದು ಕಡೆಯೂ ಬರೆದಿಲ್ಲ. ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಳ್ಳದಲ್ಲಿ ನೀರು ಏರಿದ್ದನ್ನೂ ಬಿಡದೆ ಬರೆದ ಮನುಷ್ಯನಿಗೆ ಅದು ಬರೆಯುವಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಇವತ್ತು ನಮ್ಮ ತೋಟಕ್ಕೆ ಬರುವ ಹೆಂಗಸರು ಹನ್ನೊಂದು ಗಂಟೆಗೆ ತಲೆ ಸುತ್ತುತ್ತದೆ ಅಂತ ಕೂರುತ್ತಾರೆ. ಅವರ ಕೆಲಸದ ಹೊತ್ತನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸುವುದು, ಕೂಲಿ ಕಡಿಮೆ ಮಾಡದೆ, ಎಲ್ಲ ತೋಟದವರೂ ಮಾಡಬಹುದು. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಾ?

ನಾನು ಕೇಳುವುದು ಇಷ್ಟೇ. ಮೂಡಿಗೆರೆ, ಕೊಪ್ಪ, ಕಳಸ, ಆಲ್ದೂರು, ಸಕಲೇಶಪುರ, ಬೇಲೂರು ಕಡೆ ಯಾರ ಮನೆಯಲ್ಲಿ ಹಳೇ ಮಳೆ ಪುಸ್ತಕ ಇದೆಯೋ ದಯವಿಟ್ಟು ಗುಜರಿಗೆ ಹಾಕಬೇಡಿ. ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದು ಇನ್‌ಬಾಕ್ಸ್ ಮಾಡಿ, ಊರಿನ ಹೆಸರು, ಇಸವಿ ಬರೆದು. ಷರಾ ಕಾಲಂ ಕತ್ತರಿಸಬೇಡಿ, ನನಗೆ ಅದೇ ಮುಖ್ಯ. ಹಾಗೇ ಗರಿಷ್ಠ, ಕನಿಷ್ಠ ಎರಡೂ ತೋರಿಸುವ ಒಂದು ಥರ್ಮಾಮೀಟರ್ ತನ್ನಿ. ಶೀಟಿನ ಕೆಳಗೆ ಬೇಡ, ಗೋಡೆಗೂ ತಾಗಿಸಬೇಡಿ, ಬಿಸಿಲು ಬೀಳದ ಗಾಳಿಯಾಡುವ ಕಡೆ ಎದೆಯೆತ್ತರಕ್ಕೆ ಕಟ್ಟಿ, ಮಳೆ ಬರೆಯುವ ಪುಸ್ತಕದಲ್ಲೇ ಪಕ್ಕಕ್ಕೆ ಎರಡು ಗೆರೆ ಎಳೆದು ಬರೆಯಿರಿ. ರಾತ್ರಿಯ ಕನಿಷ್ಠವನ್ನು ಬಿಡಲೇಬೇಡಿ, ನಮ್ಮೂರಿನ ರಾತ್ರಿ ಎಷ್ಟು ತಣ್ಣಗಾಗುತ್ತಿದೆ ಅನ್ನೋದೇ ನಮಗೆ ಮೊದಲು ಬೇಕಾಗಿರುವ ಲೆಕ್ಕ.