ಥೈರಾಯ್ಡ್ ಮಾತ್ರೆಯ ಜೊತೆಗೆ ಅಯೋಡಿನ್ ಹನಿ ಏಕೆ ಬೇಡ

ಹೈಪೋಥೈರಾಯ್ಡಿಸಂ, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ತಯಾರಿಸದ ಸ್ಥಿತಿ, ಇದೆಯೆಂದು ಗೊತ್ತಾದ ಕೂಡಲೇ ಅಯೋಡಿನ್ ಹನಿಗಳನ್ನೋ ಕಡಲಪಾಚಿಯ ಗುಳಿಗೆಗಳನ್ನೋ ತಾವಾಗಿಯೇ ತೆಗೆದುಕೊಳ್ಳತೊಡಗುವವರನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು, ಹಾರ್ಮೋನ್ ಕಡಿಮೆಯಾಗಿದೆ, ಆದ್ದರಿಂದ ಅಯೋಡಿನ್ ಹೆಚ್ಚಿಸಬೇಕು ಎಂಬುದು ಅವರ ಲೆಕ್ಕಾಚಾರ. ಮೊದಲ ಮಾತು ನಿಜ. ಥೈರಾಯ್ಡ್ ಗ್ರಂಥಿಯ ಮುಖ್ಯ ಹಾರ್ಮೋನುಗಳು ಟಿ4 ಮತ್ತು ಟಿ3. ಟಿ4ರ ಪ್ರತಿ ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ, ಟಿ3ರಲ್ಲಿ ಮೂರು. ತಪ್ಪಿರುವುದು ಕೊನೆಯ ಮಾತಿನಲ್ಲಿ.

ಅಯೋಡಿನ್ ಕೊರತೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅದು ಸಿಗದಿದ್ದಾಗ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಗರ್ಭಿಣಿಯಲ್ಲಿ ಕೊರತೆ ತೀವ್ರವಾದರೆ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ತಾಯಿಯ ಹಾರ್ಮೋನೇ ಆಧಾರ. 1922ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಅಯೋಡಿನ್‌ಯುಕ್ತ ಉಪ್ಪಿನ ಯೋಜನೆ ಗಳಗಂಡವನ್ನು ಹಿಮ್ಮೆಟ್ಟಿಸಿದ ಬಗೆ ವೈದ್ಯಚರಿತ್ರೆಯ ಅತಿ ದೊಡ್ಡ ಗೆಲುವುಗಳಲ್ಲಿ ಒಂದೆಂದು ನಾನು ನಂಬುತ್ತೇನೆ.

ಆದರೆ ಆ ಗೆಲುವಿಗೆ ಬೇಕಾದದ್ದು ಎಷ್ಟು ಅಲ್ಪ ಪ್ರಮಾಣ ಎಂಬುದನ್ನು ಗಮನಿಸಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. 70 ವರ್ಷಗಳ ಅಗತ್ಯವನ್ನು ಒಟ್ಟುಗೂಡಿಸಿದರೂ ವಯಸ್ಕರ ಲೆಕ್ಕದಲ್ಲಿ ನಾಲ್ಕು ಗ್ರಾಂ ತುಂಬುವುದಿಲ್ಲ. ಕಡಲಪಾಚಿಯ ಗುಳಿಗೆಗಳಲ್ಲಿ ಅಯೋಡಿನ್ ಒಂದರಿಂದೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ, ಕೆಲವು ಒಂದು ದಿನದ ಅಗತ್ಯದ ಹಲವು ಪಟ್ಟನ್ನು ಒಮ್ಮೆಗೇ ಕೊಡುತ್ತವೆ.

ಒಮ್ಮೆಲೇ ಅತಿಯಾದ ಅಯೋಡಿನ್ ಬಂದರೆ ಗ್ರಂಥಿ ಹಾರ್ಮೋನ್ ತಯಾರಿಕೆಯನ್ನು ತಾನೇ ತಡೆಹಿಡಿಯುತ್ತದೆ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಆ ತಡೆಯಿಂದ ಪಾರಾಗುತ್ತದೆ, ಆದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡನ್ನು ಹಾಳುಗೆಡವುವ ಹಶಿಮೋಟೊ ಕಾಯಿಲೆಯವರ ಗ್ರಂಥಿ ಹಲವು ಬಾರಿ ಪಾರಾಗಲಾರದು. ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಹೈಪೋಥೈರಾಯ್ಡಿಸಂಗೆ ಮುಖ್ಯ ಕಾರಣ ಇದೇ ಕಾಯಿಲೆ. ಹೀಗಾಗಿ ಹನಿ ಕುಡಿಯಲು ಹೊರಟವರಲ್ಲಿ ಬಹುಪಾಲು ಜನ ಅದರಿಂದ ಕೆಡುಕಾಗುವ ಗುಂಪಿಗೇ ಸೇರಿರುತ್ತಾರೆ. ಬಹುಕಾಲದ ಗಂಟುಗಳಿರುವ ಗ್ರಂಥಿಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹಾರ್ಮೋನ್ ವಿಪರೀತ ಏರುವುದೂ ಉಂಟು.

ಹಶಿಮೋಟೊ ನನಗೂ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಾನು ನುಂಗುವ ಲೀವೋಥೈರಾಕ್ಸಿನ್ ಎಂದರೆ ಸಿದ್ಧವಾದ ಟಿ4. ಅಯೋಡಿನ್ ಅದರೊಳಗೇ ಕೂತಿದೆ. ಕೊರತೆಯ ಅನುಮಾನವಿರುವವರು, ಅದರಲ್ಲೂ ಗರ್ಭಿಣಿಯರು ಮತ್ತು ಉಪ್ಪು, ಹಾಲು, ಮೀನು ಮೂರನ್ನೂ ಬಿಟ್ಟವರು, ಹನಿಯ ಬಾಟಲಿ ತೆರೆಯುವ ಮೊದಲು ವೈದ್ಯರನ್ನು ಕೇಳಲಿ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಪರೀಕ್ಷೆಯ ಜೊತೆಗೆ ಹಶಿಮೋಟೊ ಪತ್ತೆಗೆ ನೆರವಾಗುವ ಟಿಪಿಒ ಆ್ಯಂಟಿಬಾಡಿ ಪರೀಕ್ಷೆಯೂ ಬೇಕೇ ಎಂದು ವಿಚಾರಿಸಲಿ.