ಲಾಂಗ್ ಟರ್ಮಾ, ಬಿಎಸ್ಸಿನಾ?

ನೀಟ್ ಫಲಿತಾಂಶ ಬಂದ ಮೇಲೆ ನನಗೆ ಬರುವ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ. ಮಗಳಿಗೆ ಈ ಸಲ ಸೀಟು ಸಿಗಲ್ಲ ಸರ್, ಕಾಲೇಜಿಗೆ ಸೇರಿಸದೆ ಒಂದು ವರ್ಷ ನೀಟ್‌ಗೇ ಓದಿಸುವ ಲಾಂಗ್ ಟರ್ಮ್ ಹಾಕ್ಸೋದಾ, ಇಲ್ಲಾ ಬಿಎಸ್ಸಿಗೆ ಸೇರಿಸಿ ಆಮೇಲೆ ನೋಡೋದಾ? ಹಾಸನದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುವವನು ನಾನು, ಅದಕ್ಕೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ.

ಡಾಕ್ಟರೇ ಆಗಬೇಕು ಅಂತಿದ್ದರೆ ಒಂದು ವರ್ಷ ಬಿಟ್ಟು ಓದಲಿ. ಬಿಎಸ್ಸಿಗೆ ಸೇರಿದರೆ ನೆಟ್ಟಗೆ ಬಿಎಸ್ಸಿ ಮುಗಿಸಲಿ. ಎರಡನ್ನೂ ಒಟ್ಟಿಗೆ ಮಾಡ್ತೀನಿ ಅನ್ನೋದು ಮಾತ್ರ ಬೇಡ.

ಬಿಎಸ್ಸಿ ಮಾಡಿದರೆ ನೀಟ್‌ಗೂ ಅನುಕೂಲ ಅಲ್ವಾ ಅಂತಾರೆ. ಏನೂ ಇಲ್ಲ. ನೀಟ್‌ನಲ್ಲಿ ಕೇಳೋದು ಫಸ್ಟ್ ಮತ್ತು ಸೆಕೆಂಡ್ ಪಿಯುಸಿ ಪಾಠ ಅಷ್ಟೇ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಬಯಾಲಜಿ. ನಮ್ಮ ಕಡೆ ಮಕ್ಕಳು ಬಯಾಲಜಿಯಲ್ಲಿ ಸೋಲುವುದು ಕಡಿಮೆ (ನನ್ನ ಸಬ್ಜೆಕ್ಟ್ ಅಂತ ಹೇಳ್ತಿಲ್ಲ, ನಿಜವಾಗ್ಲೂ). ಅವರನ್ನು ಕೆಡವುವುದು ಫಿಸಿಕ್ಸ್. ಪಿಯು ಬೋರ್ಡ್ ಪರೀಕ್ಷೆಯಲ್ಲಿ ತೊಂಬತ್ತು ತೆಗೆದವರೂ ನೀಟ್ ಫಿಸಿಕ್ಸ್ ಮುಂದೆ ಬೆವರುತ್ತಾರೆ, ತಪ್ಪು ಉತ್ತರಕ್ಕೆ ಒಂದೊಂದು ಅಂಕ ಕಳೆದುಕೊಳ್ಳುತ್ತಾರೆ. ಈಗ ಆ ಹುಡುಗಿ ಹೋಗಿ ಬಿಎಸ್ಸಿಯಲ್ಲಿ ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ತೆಗೆದುಕೊಂಡರೆ ಏನಾಯ್ತು? ಎಲ್ಲಿ ಸೋತಳೋ ಆ ಫಿಸಿಕ್ಸ್ ಪುಸ್ತಕವನ್ನು ಮೂರು ವರ್ಷ ಮುಟ್ಟುವುದೇ ಇಲ್ಲ.

ಈ 'ಮೊದಲು ಡಿಗ್ರಿ' ಅನ್ನುವ ಸಲಹೆ ಕೊಡುವವರು ಸಾಮಾನ್ಯವಾಗಿ ಅಮೆರಿಕದಲ್ಲಿರುವ ಮಾವನೋ ಅತ್ತಿಗೆಯೋ. ಅಲ್ಲಿ ಅದು ಸರಿ. ಅಲ್ಲಿ ಬಹುತೇಕ ಎಲ್ಲರೂ ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದು, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲಿಗೆ ಹೋಗುವುದು, ನಡುವೆ ಒಂದೆರಡು ವರ್ಷ ಬಿಡುವವರೂ ಜಾಸ್ತಿ, ಆ ವರ್ಷಗಳಲ್ಲಿ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಮಾಡಿದ ಕೆಲಸವನ್ನು ಅರ್ಜಿಯಲ್ಲಿ ನೋಡುತ್ತಾರೆ. ನಮ್ಮಲ್ಲಿ ರ‍್ಯಾಂಕ್ ಬಿಟ್ಟು ಇನ್ನೇನು ನೋಡುತ್ತಾರೆ? ಮೊದಲ ದರ್ಜೆಯ ಬಿಎಸ್ಸಿ ಇದ್ದರೂ ನಮ್ಮ ಹಾಸನದ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ ಒಂದು ಸೀಟು ಹತ್ತಿರ ಬರಲ್ಲ. ಇನ್ನು ವಯಸ್ಸು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅದರ ಹಿಂದೆ ಮೂರು ವರ್ಷದ ಬಿಎಸ್ಸಿ, ಮುಂದೆ ಮೂರು ವರ್ಷದ ಪಿಜಿ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ 2022ರಲ್ಲೇ ತೆಗೆದಿದ್ದಾರೆ, ಆದರೆ ಮನೆಯ ಸಾಲಕ್ಕೆ ಮಿತಿ ಇದೆಯಲ್ಲ.

ಹಾಗಂತ ಎಲ್ಲರೂ ಲಾಂಗ್ ಟರ್ಮ್ ಹಾಕಿ ಅಂತಲೂ ನಾನು ಹೇಳಲ್ಲ. ಮೊದಲು ರ‍್ಯಾಂಕ್ ನೋಡಿ, ಮಾರ್ಕ್ಸ್ ಅಲ್ಲ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು, 2025ರಲ್ಲಿ ದೇಶಕ್ಕೇ ಮೊದಲು ಬಂದವರಿಗೆ 686. ಪಕ್ಕದ ಮನೆ ಹುಡುಗನ ಎರಡು ವರ್ಷ ಹಿಂದಿನ ಮಾರ್ಕ್ಸ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕಳೆದ ವರ್ಷದ ಕಟಾಫ್ ರ‍್ಯಾಂಕುಗಳನ್ನು ಕೆಟಗರಿವಾರು ಹಾಕಿರುತ್ತದೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯದ್ದೂ ಅದರಲ್ಲೇ ಇರುತ್ತದೆ. ಅದರ ಹತ್ತಿರಕ್ಕೆ ಬಂದು ನಿಂತಿದ್ದರೆ ಒಂದು ವರ್ಷ ಹಾಕಿದ್ದಕ್ಕೆ ಅರ್ಥವಿದೆ. ತುಂಬಾ ದೂರ ಇದ್ದರೆ, ಅದರಲ್ಲೂ ಇದು ಎರಡನೇ ಸಲ ಆಗಿದ್ದರೆ, ಮಗುವನ್ನು ಬಿಟ್ಟುಬಿಡಿ ಮಾರಾಯ್ರೆ.

ಓದುವ ಜಾಗದ ಬಗ್ಗೆಯೂ ಒಂದು ಮಾತು. ಮೂಡಿಗೆರೆ, ಸಕಲೇಶಪುರದ ಕಡೆಯವರು ಮನೆಯಲ್ಲೇ ಕೂತು ಆನ್‌ಲೈನ್ ಕ್ಲಾಸ್ ನೋಡ್ತಾನೆ ಅಂತಾರೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಡಿಸೆಂಬರ್ ಬಂದರೆ ಕಾಫಿ ಕುಯ್ಲು. ಕಣದಲ್ಲಿ ಹಣ್ಣು ಒಣಗಿಸುವಾಗ, ಆಳುಗಳಿಗೆ ಬಟವಾಡೆ ಮಾಡುವಾಗ, ಮನೆಯಲ್ಲಿ ಸುಮ್ನೆ ಕೂತಿರುವ ಮಗ ಕಣ್ಣಿಗೆ ಬೀಳದೆ ಇರ್ತಾನಾ? ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ರಿವಿಷನ್ ಆಗಬೇಕಾದ ತಿಂಗಳುಗಳು ಅವೇ, ಪರೀಕ್ಷೆ ಮೇ ಮೊದಲ ವಾರದಲ್ಲಿ. ಮಂಗಳೂರು, ಬೆಂಗಳೂರಿಗೆ ಕಳಿಸಲು ದುಡ್ಡಿಲ್ಲದಿದ್ದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ರೂಮು, ಒಂದು ಲೈಬ್ರರಿ ಸಾಕು.

ಇನ್ನು ಸೇಫ್ಟಿಗೆ ಅಂತ ಯಾವುದೋ ಕೋರ್ಸಿಗೆ ಸೇರಿಸಿ ಇಡುವವರಿಗೆ. ಬೇಲೂರು ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿ ಹಾಗೆ ಸೇರಿದ್ದಳು. ಅಟೆಂಡೆನ್ಸ್, ಇಂಟರ್ನಲ್ಸ್, ರೆಕಾರ್ಡ್ ಬರೆಯುವುದರಲ್ಲೇ ವರ್ಷ ಹೋಯಿತು. ಆದರೂ ಹೇಗೋ ಓದಿ ಸೀಟು ತೆಗೆದಳು ನೋಡಿ, ಆಗ ಕಾಲೇಜಿನವರು ಉಳಿದ ವರ್ಷಗಳ ಫೀಸು ಕಟ್ಟಿದರೆ ಮಾತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಂದರು. ಅವಳಪ್ಪ ಶುಂಠಿ ಮಾರಿದ ದುಡ್ಡು ಅಲ್ಲಿಗೆ ಹೋಯಿತು.

ಸಿಇಟಿಯಲ್ಲಿ ಬಿಎಸ್ಸಿ ಅಗ್ರಿ ಸೀಟು ಬಂದವರಿಗೂ ಇದೇ ಮಾತು. ಹಾಸನದ ಹತ್ತಿರ ಕಾರೆಕೆರೆಯ ಕೃಷಿ ಕಾಲೇಜಿನ ಸೀಟು ಸಿಕ್ಕರೆ ಅದು ಸಣ್ಣದಲ್ಲ, ಅದಕ್ಕಾಗಿಯೇ ಕಾಯುವ ಮಕ್ಕಳಿದ್ದಾರೆ. ಮಗನಿಗೆ ಮನಸ್ಸಿದ್ದರೆ ಖುಷಿಯಾಗಿ ಸೇರಿಸಿ, ನೀಟ್ ಪುಸ್ತಕಗಳನ್ನು ಇವತ್ತೇ ಯಾರಿಗಾದರೂ ಕೊಟ್ಟುಬಿಡಿ. ಮುಂದಿನ ಮೇ ತನಕ ಸುಮ್ನೆ ಹಿಡಿದಿಟ್ಟುಕೊಳ್ಳೋಣ ಅಂತಿದ್ದರೆ ಬೇಡ, ಕೌನ್ಸೆಲಿಂಗ್‌ನಲ್ಲಿ ಸೀಟೇ ಬೇಡ ಅನ್ನುವ ಚಾಯ್ಸ್ 4 ಒತ್ತಿ ಹೊರಗೆ ಬನ್ನಿ, ಹಿಂದಿನ ರ‍್ಯಾಂಕಿನವರಿಗೆ ಹೋಗಲಿ.