ಹಸಿದು ಬಂದವರಿಗೆ ಏನು ಬಡಿಸುತ್ತೇವೆ?

ಚರ್ಚಿನಲ್ಲಿ ಭಾನುವಾರ ಕೇಳುವ ಪ್ರಸಂಗಗಳು, ಅಂದರೆ ಬೈಬಲ್ ಬೋಧನೆಗಳು, ಸಪ್ಪೆಯಾಗಿರುವುದಕ್ಕೆ ಅವನ್ನು ನೀಡುವ ಪ್ರಸಂಗಿಗಳೇ ಕಾರಣ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ.

ತಂದೆ ತೀರಿಕೊಂಡ ಮರುವಾರ ನಾನು ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಸಭಾಪಾಲಕರು ಎರಡು ವಚನ ಓದಿ ಬೈಬಲನ್ನು ಮುಚ್ಚಿಟ್ಟರು. ಮುಂದಿನ ಮುಕ್ಕಾಲು ಗಂಟೆ ತಮ್ಮ ಪ್ರವಾಸದ ಕಥೆಯನ್ನೇ ಹೇಳಿದರು. ಕರವಸ್ತ್ರವನ್ನು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದವನು ಬಂದಷ್ಟೇ ಹಸಿವಿನಿಂದ ಮನೆಗೆ ಮರಳಿದೆ. ಪ್ರವಾದಿ ಆಮೋಸನು ಹೇಳಿದ ಕ್ಷಾಮ, ಅನ್ನ ನೀರಿನದಲ್ಲ, ದೇವರ ಮಾತು ಕಿವಿಗೆ ಬೀಳದ ಕ್ಷಾಮ, ಎಂಥದ್ದೆಂದು ಅಂದು ತಿಳಿಯಿತು.

ಆದರೆ ಬೈಬಲಿನ ನೆಹೆಮೀಯನ ಪುಸ್ತಕದ 8ನೇ ಅಧ್ಯಾಯವನ್ನೂ ಒಮ್ಮೆ ನೋಡಿ. ಧರ್ಮಶಾಸ್ತ್ರವನ್ನು ತರಬೇಕೆಂದು ಯಾಜಕನಾದ ಎಜ್ರನನ್ನು ಕೇಳಿದವರು ಜನರೇ! ಅವನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ. ಗ್ರಂಥ ಬಿಚ್ಚುತ್ತಲೇ ಎಲ್ಲರೂ ಎದ್ದು ನಿಂತರು, ಕಿವಿಗೊಟ್ಟರು, ಅತ್ತರು. ದೇವಾಲಯದ ಸೇವಕರಾದ ಲೇವಿಯರು ಜನರಿಗೆ ತಿಳಿಯುವಂತೆ ಅರ್ಥ ಬಿಡಿಸಿ ಹೇಳಿದರು. ನನ್ನ ಮಟ್ಟಿಗೆ ಪ್ರಸಂಗವೆಂದರೆ ಇದೇ. ಬೆರೋಯ ಎಂಬ ಊರಿನವರಂತೂ ಯೇಸುವಿನ ಸಂದೇಶ ಸಾರುತ್ತ ಬಂದ ಪೌಲನ ಮಾತನ್ನು ಕೂಡ ದಿನದಿನವೂ ಶಾಸ್ತ್ರದಲ್ಲಿ ಹುಡುಕಿ ಪರೀಕ್ಷಿಸಿದರು. ವಾರವಿಡೀ ಬೈಬಲ್ ಮುಟ್ಟದೆ ಬಂದು ಕುಳಿತು, ಗಡಿಯಾರ ನೋಡಿಕೊಳ್ಳುವ ನಮಗೆ ದೂರುವ ಬಾಯಿ ಎಲ್ಲಿದೆ?

ಈಗ ನಾನು ಭಾನುವಾರದ ಪಾಠವನ್ನು ಶನಿವಾರ ರಾತ್ರಿಯೇ ಓದಿಕೊಂಡು ಹೋಗುತ್ತೇನೆ. ಸಭಾಪಾಲಕರ ಬಳಿಯೂ ಹೋಗಿ, "ಪಾಸ್ಟರ್, ಆ ವಚನಗಳ ಅರ್ಥ ನನಗೆ ಬೇಕಿತ್ತು, ಅದನ್ನೇ ಕೇಳಲು ಬಂದಿದ್ದೆ" ಎಂದು ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ಭಾನುವಾರ ಪ್ರಸಂಗ ಮುಗಿಯುವವರೆಗೂ ಅವರ ಬೈಬಲ್ ತೆರೆದೇ ಇತ್ತು.